ಅಪರಾಧವಿಲ್ಲದ ಠಾಣೆ

ಇಂದುಧರ ಹೊಳೆದಂಡೆಯ ಆ ಸಣ್ಣ ಮಠಕ್ಕೆ ಬಂದದ್ದು ಆರು ವರ್ಷದ ಮೇಲೆ. ಚಿಕ್ಕಂದಿನಲ್ಲಿ ಇಲ್ಲೇ ಉಂಡು, ಇಲ್ಲೇ ಓದಿದವನು. ಈಗ ವಿಶ್ವವಿದ್ಯಾಲಯದ ಪ್ರೊಫೆಸರು. ಸರ್ಕಾರದ ಅಪರಾಧ ಸಂಶೋಧನಾ ಸಲಹಾ ಮಂಡಳಿಯ ಸದಸ್ಯ ಬೇರೆ.

ಮಂಡಳಿಯವರು ಹೊದಿಸಿದ ಶಾಲನ್ನು ಗುರು ಮರುಳಯ್ಯನವರ ಪಾದದ ಬಳಿ ಇಟ್ಟ.

"ಏನ್ ಮಾಡಿದ್ದಕ್ಕ ಇದು?" ಎಂದರು ಗುರುಗಳು.

"ಅಪರಾಧ ಕಡಿಮಿ ಮಾಡಿದ್ದಕ್ಕರೀ ಅಜ್ಜಾರ. ವರ್ಷದಾಗ ಎಲ್ಲಾರಕಿಂತ ಕಡಿಮಿ ಕೇಸು ಆದ ಠಾಣೆಗೆ ಶೀಲ್ಡು ಕೊಡ್ರಿ ಅಂತ ನಾನ ಸಲಹೆ ಕೊಟ್ಟಿದ್ದೆ. ಮುಂದಿನ ವರ್ಷಕ್ಕ ಅಪರಾಧ ಅರ್ಧಕ್ಕ ಇಳೀತು."

"ಕಳ್ಳರು ಅಷ್ಟು ಲಗೂನ ಶಾಣ್ಯಾ ಆದ್ರ?"

ಇಂದುಧರ ನಕ್ಕ. ಮಂಡಳಿಯಲ್ಲೂ ಹೀಗೇ ನಕ್ಕಿದ್ದ. ಓದಿದವರೇ ಕೂತ ಸಭೆ ಅದು. ಚಹಾ ಬಂತು, ಗೋಡಂಬಿ ಬಂತು, ಹಿಂದೆಯೇ ಸಲಹೆಯೂ ಬಂತು. "ದೂರು ಬರೆದುಕೊಳ್ಳುವವರೂ ಅವರೇ, ಬಹುಮಾನ ಪಡೆಯುವವರೂ ಅವರೇ ಆದರೆ ಹೇಗೆ?" ಎಂದು ವಯಸ್ಸಾದ ಸದಸ್ಯೆಯೊಬ್ಬರು ಕೇಳಿದ್ದರು. ಮೊಸರಲ್ಲಿ ಕಲ್ಲು ಹುಡುಕಬೇಡಿ ಮೇಡಂ ಎಂದು ಅವನೇ ಅವರ ಬಾಯಿ ಮುಚ್ಚಿಸಿದ್ದ. ನಡಾವಳಿಯಲ್ಲಿ ಸರ್ವಾನುಮತ ಎಂದು ಬರೆದರು.

ಅಷ್ಟರಲ್ಲಿ ಹೊಳೆಯ ಕಡೆಯಿಂದ ಹೆಂಗಸೊಬ್ಬಳ ಚೀರಾಟ ಕೇಳಿತು. ಗುರುಗಳು ಶಾಲನ್ನು ಎತ್ತಿಕೊಂಡು ಎದ್ದರು. ಇಂದುಧರ ಹಿಂದೆ ನಡೆದ.

ಹೊಳೆಯ ಈ ದಂಡೆ ಒಂದು ಠಾಣೆಗೆ ಸೇರಿದ್ದು, ಆ ದಂಡೆ ಇನ್ನೊಂದಕ್ಕೆ. ಎರಡೂ ಕಡೆ ಒಬ್ಬೊಬ್ಬ ಪೊಲೀಸು ಉದ್ದನೆಯ ಬಿದಿರಿನ ಗಳ ಹಿಡಿದು ನಿಂತಿದ್ದ. ನಡುನೀರಿನಲ್ಲಿ ಹಸಿರು ಲಂಗದ ಹುಡುಗಿಯೊಬ್ಬಳ ಹೆಣ ತೇಲುತ್ತಿತ್ತು. ಈಚೆಯವನು ನೂಕಿದರೆ ಆಚೆ ಹೋಗುತ್ತಿತ್ತು. ಆಚೆಯವನು ನೂಕಿದರೆ ಈಚೆ ಬರುತ್ತಿತ್ತು.

"ಏಯ್, ಏನ್ ಮಾಡಾಕತ್ತೀಯೋ?" ಇಂದುಧರ ಕೂಗಿದ. ತಾನು ಯಾರೆಂದು ಹೇಳಿದ.

ಈಚೆಯ ಪೊಲೀಸು ಗಳ ಹಿಡಿದೇ ಸಲಾಮು ಹೊಡೆದ. "ವರ್ಷ ಮುಗಿಯಾಕ ಇನ್ನ ಮೂರ ದಿನ ಐತ್ರೀ ಸಾಹೇಬ್ರ. ನಮ್ಮ ಠಾಣೆದಾಗ ಒಂದೂ ಕೊಲಿ ಇಲ್ರೀ. ಇದು ಈ ದಂಡಿಗೆ ಹತ್ತಿದ್ರ ಬರಕೋಬೇಕಾಗತೈತಿ. ಶೀಲ್ಡಿನ ಸಾಲಿನ್ಯಾಗ ನಾವ ಮುಂದ ಅದೀವ್ರೀ."

ಅವನ ಮುಖದಲ್ಲಿ ಅಳುಕಿರಲಿಲ್ಲ. ಮೇಷ್ಟ್ರ ಮುಂದೆ ಪಾಠ ಒಪ್ಪಿಸುವ ಹುಡುಗನ ಹೆಮ್ಮೆಯಿತ್ತು.

ಚೀರುತ್ತಿದ್ದವಳು ಹುಡುಗಿಯ ತಾಯಿ, ನೀಲವ್ವ. ಸರ್ಕಾರದವರು ಬಂದಿದ್ದಾರೆಂದು ತಿಳಿದು ಇಂದುಧರನ ಕಡೆ ಓಡಿ ಬಂದಳು.

"ನಾಕ ದಿನದ ಹಿಂದ ಠಾಣೆಗೆ ಹೋಗಿದ್ನಿರೀ ಯಪ್ಪಾ. ಯಾರು ಎಳಕೊಂಡು ಹೋದ್ರು ಅಂತ ಹೆಸರೂ ಹೇಳಿದ್ನಿ. ಬರಕೊಳ್ಳಲಿಲ್ಲ. ತಾನ ಬರತಾಳ ಹೋಗು ಅಂದ್ರು. ಅವತ್ತ ನನ್ನ ಮಗಳು ಜೀವಂತ ಇದ್ದಳ್ರೀ. ಒಡ್ಡಿನ ಮ್ಯಾಲಿನ ಅವರ ಮನಿಯಿಂದ ಆಕಿ ಅಳೂದು ಕೇಳಿದವರು ಅದಾರ."

ಇಂದುಧರನಿಗೆ ಅವಳ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಆ ಅಳು ಬರೆದುಕೊಳ್ಳದ ಠಾಣೆಯ ಪುಸ್ತಕವನ್ನೇ ಅವನು ಅಪರಾಧ ಇಳಿದ ಲೆಕ್ಕವೆಂದು ಊರೂರಿನಲ್ಲಿ ಭಾಷಣ ಮಾಡಿದ್ದ.

ಗುರುಗಳು ಆಗಲೇ ಹೊಳೆಗಿಳಿದಿದ್ದರು. ಎದೆಮಟ್ಟದ ನೀರಿನಲ್ಲಿ ನಿಂತು, ಹುಡುಗಿಯ ಮೇಲೆ ಶಾಲು ಹೊದಿಸಿ, ತೋಳು ಹಿಡಿದು ದಂಡೆಯತ್ತ ಎಳೆಯುತ್ತಿದ್ದರು. ಎಂಬತ್ತರ ಮುದುಕ. ಕಾಲು ಜಾರುತ್ತಿತ್ತು.

ಇಂದುಧರ ದಂಡೆಯ ಮೇಲೆ ನಿಂತು ಜೇಬಿನ ಪೆನ್ನು ಮುಟ್ಟಿಕೊಂಡ.

"ಅಜ್ಜಾರ, ತಪ್ಪು ನಂದ. ಇವತ್ತ ಮಂಡಳಿಗೆ ಬರಿತೀನಿ. ಶೀಲ್ಡು ನಿಲ್ಲಸ್ರಿ ಅಂತೀನಿ. ಏನಂತ ಬರೀಲಿ, ನೀವ ಹೇಳ್ರಿ."

ಗುರುಗಳು ತಿರುಗಿ ನೋಡಿದರು.

"ಬರಿಯೂದು ಆಮ್ಯಾಲ, ತಮ್ಮಾ. ಮದಲ ನೀರಿಗಿಳಿ."