ಬೋರೇಗೌಡರ ಬೇಲಿಯೊಳಗಿನ ದಾರಿ

ಬೋರೇಗೌಡರ ಹಸಿವು ಅನ್ನಕ್ಕೆ ತಣಿಯುವಂಥದ್ದಲ್ಲ. ಊರಿನ ಬಂಡಿದಾರಿಗೇ ಮುಳ್ಳುಬೇಲಿ ಜಡಿದು ತಮ್ಮ ಹೊಲಕ್ಕೆ ಸೇರಿಸಿಕೊಂಡರು. ಆಚೆ ಹೊಲದವರು ಕೊಯ್ದ ರಾಗಿ ಮನೆಗೆ ಬರಲಾರದೆ ಅಲ್ಲೇ ಕೂತಿತು.

ದೂರು ಹೋಯಿತು. ತಹಸೀಲ್ದಾರರು ಬಂದರು. ಜೀಪು ಕೆರೆ ಏರಿಯಲ್ಲೇ ನಿಂತಿತು. ಗೌಡರೇ ಬೇಲಿ ಸರಿಸಿ ಸಾಹೇಬರನ್ನು ಒಳಗೆ ನಡೆಸಿಕೊಂಡು ಬಂದರು.

"ಇಲ್ಲಿ ದಾರಿ ಇತ್ತೇನ್ರಪ್ಪ?"

ಗೌಡರ ಮನೆಯಲ್ಲಿ ಬಾಡೂಟ ಉಂಡು ಸಾಕ್ಷಿಗೆ ಬಂದಿದ್ದ ಐವರು ಪಂಚರು ತೇಗುತ್ತ, "ಇಲ್ಲ ಬುದ್ಧೀ, ಇಲ್ಲಿ ಯಾರೂ ಕಾಲೇ ಇಟ್ಟಿಲ್ಲ" ಎಂದರು. ಸಾಹೇಬರು ಹಾಗೇ ಬರೆದುಕೊಂಡರು. ಆಮೇಲೆ ಊರಿನ ತಳವಾರನಿಗೆ, "ನಡಿಯಯ್ಯ, ಜೀಪಿನ ಹತ್ರ ಹೋಗೋಣ" ಎಂದರು.

ತಳವಾರ ಕದಲಲಿಲ್ಲ.

"ಬೇಡ ಬುದ್ಧೀ. ಯಾರೂ ತುಳಿಯದ ಜಾಗವಂತೆ. ಹಾವುಗೀವು ಇದ್ದಾವು."

ಸಾಹೇಬರು ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತರು.

ಗೌಡರು ಓಡಿ ಬಂದರು. "ಅಯ್ಯೋ, ಹೆದರಬೇಡಿ ಸಾರ್! ನಮ್ಮ ತಾತನ ಕಾಲದಿಂದ ಊರಿಗೆ ಊರೇ ಗಾಡಿ ಹೊಡೆದ ದಾರಿ ಇದು! ಹಾವೆಲ್ಲಿಂದ ಬರ್ತದೆ?"

ತಳವಾರ ಕೈಮುಗಿದ.

"ಆರನೇ ಸಾಕ್ಷಿ ಹೇಳ್ತಾವ್ರೆ ಬುದ್ಧೀ, ಬರಕೊಳ್ಳಿ."