ತಾಳವ್ವ ಎಂಬ ಹೆಸರು

“ಗುರುಗಳೇ, ಇಂದು ಭಿಕ್ಷೆಗೆ ಹೋದ ಮನೆಯಲ್ಲಿ ಹೆಣ್ಣುಕೂಸಿಗೆ ತಾಳವ್ವ ಎಂದು ಹೆಸರಿಟ್ಟರು. ನಾನು ಎಲ್ಲಿಯೂ ಕೇಳದ ಹೆಸರು. ತೊಟ್ಟಿಲಲ್ಲಿರುವ ಮಗುವಿಗೆ ಈಗಲೇ ತಾಳಿಕೋ ಎನ್ನುವುದು ನ್ಯಾಯವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಲ್ಲಿ ಕಂಬಳಿ ನೇಯುವವನೊಬ್ಬನಿದ್ದ. ಕೆಲಸದಲ್ಲಿ ಗಟ್ಟಿಗ, ಆದರೆ ಮುಂಗೋಪಿ. ನೂಲು ಹರಿದರೂ ಹೆಂಡತಿಗೆ ಹೊಡೆಯುತ್ತಿದ್ದ, ರೊಟ್ಟಿ ಆರಿದರೂ ಹೊಡೆಯುತ್ತಿದ್ದ. ಆ ಹೆಂಡತಿಯ ಹೆಸರು ತಾಳವ್ವ. ಅವಳಿಗಿಂತ ಮೊದಲು ಆ ಹೆಸರು ಯಾರಿಗೂ ಇರಲಿಲ್ಲ. ಆದರೂ ಅದರ ಅರ್ಥ ಗೊತ್ತೆಂದು ಎಲ್ಲರೂ ತಿಳಿದಿದ್ದರು. “ಹೆತ್ತವರು ಯೋಚಿಸಿಯೇ ಹೆಸರಿಟ್ಟಿದ್ದಾರೆ, ತಾಳು” ಎಂದು ಅತ್ತೆ ಹೇಳುತ್ತಿದ್ದಳು. ಬಾವಿಯ ಬಳಿ ಹೆಂಗಸರು ಅವಳ ಬೆನ್ನಿನ ಬಾಸುಂಡೆ ಕಂಡು ಮರುಗುತ್ತಿದ್ದರು, ತುಂಬಿದ ಕೊಡವನ್ನು ಸೊಂಟಕ್ಕೆ ಎತ್ತಿಕೊಡುತ್ತಿದ್ದರು, ಅದೇ ಮಾತು ಹೇಳಿ ಕಳಿಸುತ್ತಿದ್ದರು. ಅವಳೂ ಅದು ತನ್ನ ಹಣೆಬರಹವೆಂದೇ ನಂಬಿದ್ದಳು.

ಒಂದು ದಿನ ನೇಕಾರ ತನ್ನ ಪುಟ್ಟ ಮಗಳ ಕೆನ್ನೆಗೆ ಹೊಡೆದ. ಮಗು ಅಳಲಿಲ್ಲ. ತುಟಿ ಕಚ್ಚಿಕೊಂಡು ನಿಂತಿತು. “ನೋಡು, ತಾಯಿಯನ್ನು ಕಂಡು ಹೇಗೆ ಕಲಿತಿದ್ದಾಳೆ” ಎಂದಳು ಅತ್ತೆ, ಮೆಚ್ಚಿಕೊಂಡೇ.

ತಾಳವ್ವನಿಗೆ ತನ್ನ ಪೆಟ್ಟುಗಳಿಂದ ಆಗದಿದ್ದ ನೋವು ಆ ಮಾತಿನಿಂದ ಆಯಿತು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ನಡೆದಳು. ಮುದುಕಿ ತಾಯಿ ಜೋಳ ಕೇರುತ್ತಿದ್ದಳು.

“ಅವ್ವಾ, ಲೋಕದಲ್ಲಿ ಇಲ್ಲದ ಹೆಸರನ್ನು ನನಗೇಕೆ ಇಟ್ಟೆ? ನಾನು ಹುಟ್ಟಿದ್ದು ತಾಳುವುದಕ್ಕೆಂದೇ?”

ತಾಯಿ ಮೊರವನ್ನು ಕೆಳಗಿಟ್ಟಳು.

“ನೀನು ಹುಟ್ಟಿದಾಗ ಅಳಲಿಲ್ಲ, ಉಸಿರೂ ಆಡಲಿಲ್ಲ. ಹೋದ ಕೂಸೆಂದು ಸೂಲಗಿತ್ತಿ ನಿನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ಹೊರಗೆ ನಿನ್ನಪ್ಪ ಗುದ್ದಲಿ ಹಿಡಿದು ನಿಂತಿದ್ದ. ನನಗೆ ಏಳುವ ಶಕ್ತಿ ಇರಲಿಲ್ಲ. ಮಲಗಿದಲ್ಲಿಂದಲೇ ಅವಳಿಗೆ ‘ತಾಳವ್ವ’ ಎಂದೆ. ಅವಳು ನಿಂತಳು. ನಿನ್ನನ್ನು ಈಸಿಕೊಂಡು ಎದೆಗೊತ್ತಿಕೊಂಡೆ, ಬೆನ್ನು ತಿಕ್ಕಿದೆ. ಎಷ್ಟೋ ಹೊತ್ತಿನ ಮೇಲೆ ನೀನು ಅಳತೊಡಗಿದೆ. ನಿನ್ನನ್ನು ಉಳಿಸಿದ ಮಾತೇ ನಿನ್ನ ಹೆಸರಾಗಲಿ ಎಂದೆ. ಸಾವಿನ ಸುದ್ದಿ ಎತ್ತಬಾರದೆಂದು ಇದನ್ನು ನಿನಗೆ ಹೇಳಿರಲಿಲ್ಲ. ತಾಳು ಎಂದದ್ದು ನಿನಗಲ್ಲ ಮಗಳೇ. ನಿನ್ನನ್ನು ಮಣ್ಣಿಗೆ ಒಯ್ಯುತ್ತಿದ್ದವರಿಗೆ.”

ತಾಳವ್ವ ತಾಯಿ ಬಡಿಸಿದ್ದನ್ನು ಉಂಡಳು, ಮಗಳಿಗೂ ಉಣಿಸಿದಳು. ಸಂಜೆಯೊಳಗೆ ಗಂಡನ ಮನೆಗೆ ಮರಳಿದಳು.

ಹೇಳದೆ ಹೋದಳೆಂದು ನೇಕಾರ ಸಿಟ್ಟಿನಿಂದ ಕುದಿಯುತ್ತಿದ್ದ. ಅವಳು ಹೊಸ್ತಿಲು ದಾಟುತ್ತಲೇ ಕೈ ಎತ್ತಿದ. ತಾಳವ್ವ ಮಗಳನ್ನು ಹಿಂದಕ್ಕೆ ಸರಿಸಿ, ಅವನ ಮುಖ ನೋಡಿ, “ತಾಳು” ಎಂದಳು. ದನಿ ಏರಿಸಲಿಲ್ಲ. ಹಿಂದೆ ಸರಿಯಲಿಲ್ಲ. ಆ ಮನೆಯಲ್ಲಿ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಎತ್ತಿದ ಕೈ ಹಾಗೆಯೇ ನಿಂತಿತು. ಮುಂದೆ ಮತ್ತೊಮ್ಮೆ ಅವನು ಕೈ ಎತ್ತಿದಾಗ ಅವಳು ಬಾಯಿ ತೆರೆಯುವ ಮೊದಲೇ, ಅಂದು ಇದನ್ನೆಲ್ಲ ಕಂಡಿದ್ದ ಅತ್ತೆ ಎದ್ದು “ತಾಳು” ಎಂದು ಮಗನ ಮುಂಗೈ ಹಿಡಿದಳು. ಅಲ್ಲಿಗೆ ಆ ಮನೆಯಲ್ಲಿ ಹೊಡೆತ ನಿಂತಿತು. ಆ ಸೀಮೆಯಲ್ಲಿ ಈಗಲೂ ಎಲ್ಲೋ ಒಬ್ಬೊಬ್ಬರು ಹೆಣ್ಣುಕೂಸಿಗೆ ಅವಳ ಹೆಸರಿಡುತ್ತಾರೆ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಒಂದು ಮಾತಿಗೆ ನಿಲ್ಲುವ ಕೈಯಾಗಿದ್ದರೆ, ಅಷ್ಟು ವರ್ಷ ಆ ಮಾತನ್ನು ಊರಲ್ಲಿ ಯಾರೂ ಏಕೆ ಹೇಳಲಿಲ್ಲ?” ಎಂದು ಕೇಳಿದ.

“ಹೇಳುತ್ತಲೇ ಇದ್ದರಪ್ಪ, ಅವಳ ಕಡೆಗೆ ತಿರುಗಿ” ಎಂದರು ಗುರುಗಳು.