ಗಂಟೆ ಕಟ್ಟಿಕೊಂಡ ಬೋಳಯ್ಯ

ಒಂದಾನೊಂದು ಕಾಲದಲ್ಲಿ, ಅಂದ್ರೆ ನನ್ನ ಬಾಯಲ್ಲಿ ಹಲ್ಲು ಹುಟ್ಟೋಕೂ ಮುಂಚೆ, ಒಂದು ಬೆಟ್ಟದ ಬುಡದಲ್ಲಿ ಬೋಳಯ್ಯ ಅಂತ ಒಬ್ಬ ಇದ್ದನಂತೆ. ಕಾಲು ಆಡಿಸ್ಬೇಡ ಕಣೇ, ಕಂಬಳಿ ಜಾರುತ್ತೆ. ಅವನ ಕೆಲಸ ಏನಪ್ಪಾ ಅಂದ್ರೆ, ಬೆಟ್ಟದ ತುದೀಲಿದ್ದ ಮೋಡದಟ್ಟಿ ಅನ್ನೋ ಊರಿಗೆ ಹೇಸರಗತ್ತೆಗಳ ಮೇಲೆ ಉಪ್ಪು ಹೇರ್ಕೊಂಡು ಹೋಗೋದು. ಅವರಪ್ಪನೂ ಅದೇ ಮಾಡಿದ್ದು, ತಾತನೂ ಅದೇ ಮಾಡಿದ್ದು. ಹೇಸರಗತ್ತೆ ಅಂದ್ರೆ ಗೊತ್ತಿಲ್ವಾ? ಅಪ್ಪ ಕತ್ತೆ, ಅವ್ವ ಕುದುರೆ. ಕಿವಿ ಅಪ್ಪಂದು, ಕಾಲು ಅವ್ವಂದು, ತಲೆ ಮಾತ್ರ ಅದರದ್ದೇ, ಅದರೊಳಗೆ ಬ್ರಹ್ಮನೂ ಕೈ ಹಾಕಿಲ್ಲ.

ಅಂಥವು ಮೂರು ಇದ್ವಂತೆ. ಒಂದು ಡೊಳ್ಳಪ್ಪ. ಹೇರು ಕಟ್ಟೋಕೆ ಹಗ್ಗ ತಂದ್ರೆ ಸಾಕು, ಉಸಿರೆಳ್ಕೊಂಡು ಹೊಟ್ಟೇನ ಡೊಳ್ಳಿನ ಹಂಗೆ ಉಬ್ಬಿಸಿ ನಿಲ್ಲೋದಂತೆ, ಬೋಳಯ್ಯ ಬಿಗಿದು ಗಂಟು ಹಾಕಿ ಬೆವರು ಒರೆಸ್ಕೊಳ್ಳೋಷ್ಟರಲ್ಲಿ ಪುಸ್ ಅಂತ ಉಸಿರು ಬಿಡೋದಂತೆ, ಹಗ್ಗ ಸಡಿಲ, ಹತ್ತು ಹೆಜ್ಜೆಗೆ ಮೂಟೆ ಹೊಟ್ಟೆ ಕೆಳಗೆ. ಎರಡನೇದು ಅಂಚಿ. ದಾರಿ ಎಷ್ಟೇ ಅಗಲ ಇರ್ಲಿ, ಬಂಡೆ ಕಡೆ ಬಿಟ್ಟು ಕಮರಿ ಅಂಚಲ್ಲೇ ನಡೆಯೋಳಂತೆ, ನೋಡಿದವರ ಜೀವ ಬಾಯಿಗೆ ಬರೋದಂತೆ. ಮೂರನೇದು ಪಟೇಲ. ಹಳ್ಳ ಬಂತೋ, ನಿಂತು, ಮೂಸಿ, ಒಂದು ಕಾಲು ಇಟ್ಟು, ತೆಗೆದು, ಇನ್ನೊಂದು ಕಡೆ ಇಟ್ಟು, ಮತ್ತೆ ತೆಗೆದು, ಊರಿನ ಗಡಿ ಅಳೆಸೋ ಪಟೇಲರ ಗತ್ತು ಮಾಡೋದಂತೆ.

ಬೋಳಯ್ಯಂಗೆ ತಲೆ ಕೆಟ್ಟು ಹೋಗೋದು. ಬುಡದಲ್ಲಿ ಬಾಯಿ ತೆಗೆದ್ರೆ ತುದೀಲೇ ಮುಚ್ಚೋದು. ನಿಮ್ಮಪ್ಪನ ಕಿವಿಗೆ ಬೆಂಕಿ ಹಾಕ, ನಿಮ್ಮಪ್ಪನ ಕಿವಿಗೆ ಬೆಂಕಿ ಹಾಕ, ಅಂತ ಇಡೀ ಬೆಟ್ಟಕ್ಕೆ ಕೇಳೋ ಹಂಗೆ ಬೈಯೋನಂತೆ. ಆ ಮೂರೂ ಕಿವಿ ಅಲ್ಲಾಡಿಸ್ಕೊಂಡು ಕೇಳಿಸ್ಕೊಳ್ಳೋವಂತೆ.

ಇವುಗಳ ಮುಂದೆ ಒಂದು ಬಿಳೀ ಮುದಿ ಕುದುರೆ ನಡೀತಿತ್ತಂತೆ, ಹೆಸರು ದೊಡ್ಡವ್ವ. ಅವಳು ಏನೂ ಹೊರ್ತಿರ್ಲಿಲ್ಲ, ಬೆನ್ನ ಮೇಲೊಂದು ಹಳೇ ಕಂಬಳಿ, ಕತ್ತಲ್ಲೊಂದು ಗಂಟೆ, ಟಣ್ ಟಣ್ ಅಂತ ಸುಮ್ನೆ ನಡೆಯೋಳು. ಬೋಳಯ್ಯಂಗೆ ಅದೂ ಉರಿ. ಹೊರೋದು ಗಂಟೆ, ತಿನ್ನೋದು ಸೇರು ಹುರುಳಿ, ಅಂತ ಗೊಣಗೋನಂತೆ.

ಹಿಂಗಿರ್ಬೇಕಾದ್ರೆ ಮೋಡದಟ್ಟಿ ಯಜಮಾನನ ಮಗನಿಗೆ ಮದುವೆ ಗೊತ್ತಾಯ್ತಂತೆ. ಮದುಮಗ ಬಿಳೀ ಕುದುರೆ ಮೇಲೇ ಮೆರವಣಿಗೆ ಹೋಗ್ಬೇಕು ಅಂತ ಯಜಮಾನ ಆಸೆಪಟ್ಟನಂತೆ. ಬೋಳಯ್ಯ ಹಿಂದೆ ಮುಂದೆ ನೋಡ್ದೆ, ತಗೊಂಡು ಹೋಗಿ ಸ್ವಾಮಿ, ನೀವೇ ಇಟ್ಕೊಳ್ಳಿ, ಅಂತ ದೊಡ್ಡವ್ವನ್ನ ಕೊಟ್ಟುಬಿಟ್ಟನಂತೆ. ಮದುವೆ ಕುದುರೆಗೆ ಈ ಹರಕಲು ಕಂಬಳಿ, ಗಂಟೆ ಯಾಕೆ ಅಂತ ಯಜಮಾನನ ಆಳು ಅವನ್ನ ಬಿಚ್ಚಿ ಅಲ್ಲೇ ಎಸೆದು ಹೋದನಂತೆ. ಬೋಳಯ್ಯನ ಹೆಂಡತಿ ಚಿಕ್ಕತಾಯಿ, ಅಲ್ಲ ಕಣಯ್ಯಾ, ಅವಳಿಲ್ದೆ ಇವು ನಡೆದಾವಾ, ಅಂದ್ಲಂತೆ. ಕಾಲಿಲ್ವಾ ಅವಕ್ಕೆ, ಅಂದನಂತೆ ಬೋಳಯ್ಯ.

ಆಮೇಲೆ ಯಜಮಾನನಿಂದ ಹೇಳಿಕೆ ಬಂತಂತೆ, ಭಾನುವಾರ ಸಂಜೆ ಮೆರವಣಿಗೆ, ಅದು ಮುಗಿದು ಅಡಿಗೆ ಒಲೆ ಹಚ್ಚೋ ಹೊತ್ತಿಗೆ ಮದುವೆ ಉಪ್ಪು ಬಂದಿರ್ಬೇಕು, ಬರ್ಲಿಲ್ವೋ, ಇನ್ಮೇಲೆ ನಮಗೆ ಉಪ್ಪು ತರೋರು ಬೆಟ್ಟದ ಆಚೆ ಕಡೆ ಎತ್ತಿನೋರು, ನೀನು ನಿನ್ನ ಹೇಸರಗತ್ತೆಗಳಿಗೆ ಲಾಲಿ ಹಾಡ್ಕೊಂಡು ಮನೇಲಿರು, ಅಂತ.

ಭಾನುವಾರ ಬೆಳಿಗ್ಗೆ ಮೂಟೆ ಹೇರಿ, ಹೂಂ ನಡೀರಿ, ಅಂದನಂತೆ. ಮೂರೂ ದಾರಿ ನೋಡಿದ್ವಂತೆ, ದಾರೀಲಿ ದೊಡ್ಡವ್ವ ಇಲ್ಲ. ನಿಂತೇ ಇದ್ವಂತೆ. ಬೋಳಯ್ಯ ಮುಂದಿಂದ ಎಳೆದ, ಹಿಂದಿಂದ ನೂಕಿದ, ಅವರಪ್ಪನ ಕಿವಿಗೆ ನೂರು ಸಲ ಬೆಂಕಿ ಹಾಕಿದ. ಪಟೇಲ ಒಂದು ಆಕಳಿಕೆ ತೆಗೆದು ನಿಂತಲ್ಲೇ ಕಣ್ಣು ಮುಚ್ಚಿದನಂತೆ.

ಆಮೇಲೆ ಗಂಟೆ ತಂದು ಅಂಚಿ ಕತ್ತಿಗೆ ಕಟ್ಟಿದನಂತೆ. ಟಣ್ ಅಂತು. ದೊಡ್ಡವ್ವ ಬಂದ್ಲು ಅಂತ ಅಂಚಿ ಹಿಂದೆ ತಿರುಗಿ ನೋಡಿದ್ಲು. ತಿರುಗಿದ್ದಕ್ಕೆ ಮತ್ತೆ ಟಣ್ ಅಂತು. ಈ ಕಡೆ ಬಂದ್ಲೇನೋ ಅಂತ ಈ ಕಡೆ ತಿರುಗಿದ್ಲು. ಹಂಗೇ ಬುಗುರಿ ತಿರುಗ್ದಂಗೆ ಸುತ್ತೀ ಸುತ್ತೀ, ಅವಳನ್ನ ನೋಡಿ ಮಿಕ್ಕೆರಡೂ ಸುತ್ತಿ, ಹಗ್ಗ ಎಲ್ಲಾ ಜಡೆ ಹೆಣ್ಕೊಂಡು, ಬಿಡಿಸೋಷ್ಟರಲ್ಲಿ ಹೊತ್ತು ನೆತ್ತಿಗೆ ಬಂತಂತೆ.

ಮೂರನೇ ಉಪಾಯ ಚಿಕ್ಕತಾಯಿದು. ಕುದುರೆ ಕೊಟ್ಟೋನು ನೀನು, ಈಗ ನೀನೇ ಕುದುರೆ ಆಗು, ಅಂತ ಆ ಹಳೇ ಕಂಬಳೀನ ಅವನ ಬೆನ್ನಿಗೆ ಹೊದಿಸಿ ಗಂಟೇನ ಕತ್ತಿಗೆ ಕಟ್ಟಿದ್ಲಂತೆ. ನಗಬೇಡ, ಅವನಿಗೆ ಅಳು ಬರ್ತಿತ್ತು. ಟಣ್ ಟಣ್ ಅಂತ ನಾಲ್ಕು ಹೆಜ್ಜೆ ಇಟ್ಟನಂತೆ. ಮೂರೂ ಮೂಗರಳಿಸಿ ಕಂಬಳಿ ವಾಸನೆ ಹಿಡಿದು ಹಿಂದೆ ಹೊರಟ್ವಂತೆ! ಬೋಳಯ್ಯ ಖುಷೀಲಿ, ಈಗ ಬಂದ್ರಾ ದಾರಿಗೆ, ನಿಮ್ಮಪ್ಪನ ಕಿವಿಗೆ, ಅನ್ನೋಷ್ಟರಲ್ಲಿ ಮೂರೂ ಟಕ್ ಅಂತ ನಿಂತ್ವಂತೆ. ಚಿಕ್ಕತಾಯಿ ಹಣೆ ಚಚ್ಕೊಂಡು, ದೊಡ್ಡವ್ವ ಯಾವತ್ತಾದ್ರೂ ಬೈದಿದ್ಲೇನಯ್ಯಾ, ಬಾಯಿ ಮುಚ್ಕೊಂಡು ನಡಿ, ಅಂದ್ಲಂತೆ.

ಬಾಯಿ ಮುಚ್ಕೊಂಡು! ಬೋಳಯ್ಯಂಗೆ ಉಪ್ಪಿನ ಮೂಟೆ ಹೊತ್ಕೊಂಡು ಹೋಗು ಅಂದಿದ್ರೆ ಹೋಗ್ತಿದ್ದ.

ಹತ್ತು ಹೆಜ್ಜೆಗೆ ಡೊಳ್ಳಪ್ಪನ ಮೂಟೆ ಜಾರ್ತಂತೆ. ಬೈಗುಳ ಗಂಟಲವರೆಗೂ ಬಂತು, ನುಂಗಿದ. ಹಗ್ಗ ಹಿಡಿದ. ಅದು ಹೊಟ್ಟೆ ಉಬ್ಬಿಸ್ತು. ಬೈಯೋ ಹಂಗಿಲ್ಲ, ಏನು ಮಾಡ್ತಾನೆ, ಸುಮ್ನೆ ಅದರ ಮುಖ ನೋಡ್ಕೊಂಡು ನಿಂತನಂತೆ. ಅದೂ ಇವನ ಮುಖ ನೋಡ್ತಂತೆ. ಇವನು ನೋಡ್ದ, ಅದು ನೋಡ್ತು. ಎಷ್ಟು ಹೊತ್ತು ತಾನೇ ಉಸಿರು ಹಿಡಿದೀತು, ಪುಸ್ ಅಂತ ಬಿಟ್ಟೇಬಿಡ್ತಂತೆ. ಆಗ ಎಳೆದ ನೋಡು ಹಗ್ಗಾನ! ಇಷ್ಟು ವರ್ಷ ಬೈಯೋ ಅವಸರದಲ್ಲಿ ಅಷ್ಟು ಹೊತ್ತು ಕಾದೇ ಇರ್ಲಿಲ್ವಂತೆ.

ಆಮೇಲೆ ಬಂಡೆ ಕೊರೆದು ಮಾಡಿದ ಇಕ್ಕಟ್ಟು ತಿರುವು ಬಂತಂತೆ. ಅಂಚಿ ಅಂಚಿಗೇ ಹೋದ್ಲು. ಬೋಳಯ್ಯ ಹಲ್ಲು ಕಚ್ಕೊಂಡು, ಕೂಗೋಕಾಗ್ದೆ, ಅವಳನ್ನೇ ನೋಡ್ತಿದ್ದನಂತೆ. ಹಿಂದೆ ಡೊಳ್ಳಪ್ಪ ಬಂಡೆಗೆ ಒರಗ್ಕೊಂಡು ಬಂತು. ಬಂಡೆ ಚೂಪು ಮೂಟೆಗೆ ತಾಗಿ ಚರ್ ಅಂತ ಹರೀತು, ಬೊಗಸೆ ಉಪ್ಪು ನೆಲಕ್ಕೆ ಸುರೀತು. ಅಂಚಿ ಮೂಟೆಗಳಿಗೆ ಒಂದು ಗೀರಿಲ್ಲ. ಅಯ್ಯೋ, ಇವಳು ಬೆನ್ನ ಮೇಲಿನ ಮೂಟೆ ಅಗಲಾನೂ ಅಳೆದೇ ಹೆಜ್ಜೆ ಇಡ್ತಾಳಲ್ಲ, ನಾನು ಇವಳಿಗೆ ಎಷ್ಟು ಬಾಸುಂಡೆ ಬರಿಸಿದ್ದೀನಿ ಅಂತ ಬೋಳಯ್ಯನ ಮುಖ ಸಣ್ಣಗಾಯ್ತಂತೆ. ಹರಿದ ಕಡೆ ತನ್ನ ರುಮಾಲು ತುರುಕಿ ನಡೆದನಂತೆ.

ಆಮೇಲೆ ಹಳ್ಳ ಬಂತಂತೆ. ಹೊತ್ತು ಇಳೀತಿದೆ, ಪಟೇಲನ ಅಳತೆ ಶುರುವಾಯ್ತು. ಒಂದು ಕಾಲು ಇಟ್ಟ, ತೆಗೆದ. ಬೋಳಯ್ಯಂಗೆ ತಡೀಲಿಲ್ಲ, ನಾನು ನೇರ ಹೋದ್ರೆ ಹಿಂದೆ ಬರ್ತವೆ ಅಂತ ದಡಬಡ ನೀರಿಗಿಳಿದನಂತೆ. ಮೂರನೇ ಹೆಜ್ಜೆಗೆ ಗುಳುಂ! ಕತ್ತಿನವರೆಗೂ ಮಡು. ಗಂಟೆ ನೀರೊಳಗೆ ಗುಳ್ ಗುಳ್ ಅಂತು. ಪಟೇಲ ಅವನನ್ನೊಂದು ಸಲ ನೋಡಿ, ಮೇಲ್ಗಡೆ ಬಳಸಿ, ಮೊಣಕಾಲುದ್ದ ನೀರಲ್ಲಿ ನಿಧಾನಕ್ಕೆ ದಾಟಿದನಂತೆ, ಅವನ ಹೆಜ್ಜೇಲೇ ಹೆಜ್ಜೆ ಇಟ್ಟು ಮಿಕ್ಕೆರಡೂ ದಾಟಿದ್ವಂತೆ. ನೇರ ಬಂದಿದ್ರೆ ಮದುವೆ ಉಪ್ಪೆಲ್ಲ ಮೀನಿಗೆ ಊಟ. ಬೋಳಯ್ಯ ದಡ ಹತ್ತಿ, ಬಾಯಲ್ಲಿದ್ದ ನೀರು ಉಗಿದು, ಪಟೇಲನ ಮುಂದೆ ಕೈ ಮುಗಿದನಂತೆ. ಬಾಯಿ ಮಾತ್ರ ಬಿಡ್ಲಿಲ್ಲ.

ಮೋಡದಟ್ಟಿ ಸೇರಿದಾಗ ಮೆರವಣಿಗೆ ಅರ್ಧ ಬೀದಿಗೆ ಬಂದಿತ್ತಂತೆ. ಓಲಗ, ಪಂಜು, ದೊಡ್ಡವ್ವನ ಮೇಲೆ ಬಾಸಿಂಗ ಕಟ್ಕೊಂಡ ಮದುಮಗ. ಅಷ್ಟರಲ್ಲಿ ಟಣ್ ಟಣ್. ದೊಡ್ಡವ್ವನ ಕಿವಿ ನೆಟ್ಟಗಾಯ್ತು. ಗರ್ರನೆ ತಿರುಗಿ ಓಡಿಬಂದ್ಲು ನೋಡು, ಮದುಮಗ ಅವಳ ಕತ್ತು ತಬ್ಕೊಂಡು, ಬಾಸಿಂಗ ಮೂಗಿನ ಮೇಲೆ ಬಂದು, ಅವ್ವಾ ಅವ್ವಾ ಅಂತಿದ್ದನಂತೆ. ಬಂದೋಳೇ ಮೂರನ್ನೂ ಮೂಸಿದ್ಲು. ಆಮೇಲೆ ತನ್ನ ಕಂಬಳಿ, ತನ್ನ ಗಂಟೆ ಹಾಕ್ಕೊಂಡು ನಿಂತಿರೋ ಇವಳ್ಯಾರು ಹೊಸಬಳು ಅಂತ ನೋಡಿ, ಬೋಳಯ್ಯನ ಹೆಗಲಿಗೆ ಕಚ್ಚಿದ್ಲಂತೆ.

ಮದುಮಗಳು ನಕ್ಕೂ ನಕ್ಕೂ ನೆಲಕ್ಕೆ ಕೂತ್ಕೊಂಡ್ಲು. ಯಜಮಾನ ಮಾತ್ರ ಕೆಂಡ. ಏನೋ ಇದು ವೇಷ, ನನ್ನ ಮಗನ ಮರ್ಯಾದೆ ಕಳೆದ್ಯಲ್ಲೋ, ಅಂದನಂತೆ. ಬೋಳಯ್ಯ ಬುಡ ಬಿಟ್ಟ ಮೇಲೆ ಮೊದಲ ಸಲ ಬಾಯಿ ಬಿಟ್ಟನಂತೆ. ಉಪ್ಪು ಬಂದಿದೆ ಸ್ವಾಮಿ, ಒಲೆ ಹಚ್ಚಿಸಿ. ಅಷ್ಟೇ.

ಅಡಿಗೆಯವನು ಮೂಟೆ ಬಿಚ್ಚಿ ನೋಡಿದ್ರೆ ಉಪ್ಪು ಒಣಗಿ ಗರಿಗರಿ ಇತ್ತಂತೆ, ತಂದೋನೇ ನೆಂದು ತೊಪ್ಪೆ. ಯಜಮಾನಂಗೂ ನಗು ತಡೀಲಿಲ್ವಂತೆ. ನಿನ್ನ ಕುದುರೆ ನೀನೇ ಹೊಡ್ಕೊಂಡು ಹೋಗಪ್ಪಾ, ನನ್ನ ಮಗ ಜೀವಂತ ಇಳಿದ್ನಲ್ಲ, ಅಷ್ಟೇ ಸಾಕು, ಈ ಬೆಟ್ಟಕ್ಕೆ ಉಪ್ಪು ತರೋನು ನೀನೇ, ಅಂದನಂತೆ.

ಆಮೇಲಿಂದ ಮೊದಲ ಹುರುಳಿ ದೊಡ್ಡವ್ವಂಗೇ. ಬೋಳಯ್ಯ ಬೈಯೋದು ಬಿಟ್ಟನಾ? ಎಲ್ಲಿ ಬಿಡ್ತಾನೆ, ಮನಸ್ಸಲ್ಲೇ ಬೈಯೋನಂತೆ. ಆದ್ರೆ ಒಂದು ಕಷ್ಟ ಮಾತ್ರ ಉಳೀತು. ಆ ಮೂರಕ್ಕೂ ಇವನೂ ಒಂದು ಕುದುರೆ ಅಂತ ತಲೇಲಿ ಕೂತುಬಿಟ್ಟಿತ್ತಲ್ಲ, ದಿನಾ ಬೆಳಿಗ್ಗೆ ಚೊಂಬು ಹಿಡ್ಕೊಂಡು ಬೇಲಿ ಮರೆಗೆ ಹೋದ್ರೆ ಹಿಂದೆ ಡೊಳ್ಳಪ್ಪ, ಅವನ ಹಿಂದೆ ಅಂಚಿ, ಅವಳ ಹಿಂದೆ ಜಾಗ ಮೂಸಿ ನೋಡ್ಕೊಂಡು ಪಟೇಲ, ಸಾಲಾಗಿ ಹೋಗಿ, ಇವನು ಏಳೋವರೆಗೂ ಕಾದು, ಸಾಲಾಗಿ ವಾಪಸ್ ಬರೋವಂತೆ.

ಕತೆ ಮುಗೀತು ಕೂಸೇ. ಉಸಿರು ಬಿಗಿಹಿಡಿದು ನಿದ್ದೆ ಬಂದಂಗೆ ಆಡ್ಬೇಡ, ಡೊಳ್ಳಪ್ಪನ ಆಟ ನನಗೂ ಗೊತ್ತು, ನೀನು ಪುಸ್ ಅನ್ನೋವರೆಗೂ ನಾನು ಇಲ್ಲೇ ಕೂತಿರ್ತೀನಿ.